ಎಚ್‌ಐವಿ ಇದ್ದವರಿಗೆ ನಡೆಯುವಾಗ ಕಾಲು ಹಿಡಿದುಕೊಂಡರೆ

ಪ್ರಶ್ನೆ: ನನಗೆ 48 ವರ್ಷ. ಹಾವೇರಿ ಜಿಲ್ಲೆ. ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ ಕೆಲಸ ಮಾಡುತ್ತೇನೆ. 2010ರಿಂದ ಎಚ್‌ಐವಿಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಶುರುವಿನಲ್ಲಿ ಸಿಡಿ4 (ರೋಗ ತಡೆಯುವ ರಕ್ತಕಣಗಳ ಲೆಕ್ಕ) 140 ಇತ್ತು, ಈಗ 520. ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣ) ಕಾಣಿಸುತ್ತಿಲ್ಲ ಅಂತ ಎಚ್‌ಐವಿ ಮಾತ್ರೆ ಕೊಡುವ ಎಆರ್‌ಟಿ ಸೆಂಟರಿನಲ್ಲಿ ಹೇಳಿದ್ದಾರೆ. ಈಗ ರಾತ್ರಿ ಒಂದೇ ಮಾತ್ರೆ. ಏಳೆಂಟು ತಿಂಗಳಿಂದ ಬಸ್ ಸ್ಟ್ಯಾಂಡಿನಿಂದ ಮಾರುಕಟ್ಟೆಗೆ ನಡೆದರೆ ಅರ್ಧ ದಾರಿಯಲ್ಲೇ ಬಲಗಾಲಿನ ಮೀನಖಂಡ ಹಿಡಿದುಕೊಳ್ಳುತ್ತದೆ. ಎರಡು ನಿಮಿಷ ನಿಂತರೆ ಬಿಡುತ್ತದೆ. ಮತ್ತೆ ಅಷ್ಟೇ ದೂರ ಹೋದರೆ ಮತ್ತೆ ಹಿಡಿಯುತ್ತದೆ. ಮೂರು ವಾರದಿಂದ ಕಿರುಬೆರಳ ಪಕ್ಕ ಒಂದು ಗಾಯ ಒಣಗುತ್ತಿಲ್ಲ. ಒಬ್ಬರು ರೋಗ ಕಾಲಿಗೆ ಇಳಿದಿದೆ ಅನ್ನುತ್ತಾರೆ. ಇನ್ನೊಬ್ಬರು ಇಷ್ಟು ವರ್ಷದ ಮಾತ್ರೆಯ ಹೀಟು, ಸ್ವಲ್ಪ ದಿನ ನಿಲ್ಲಿಸು ಅನ್ನುತ್ತಾರೆ. ದಿನಕ್ಕೆ ಒಂದು ಕಟ್ಟು ಬೀಡಿ ಸೇದುತ್ತೇನೆ. ಹುಬ್ಬಳ್ಳಿಗೆ ಬಂದು ತೋರಿಸಬೇಕು ಅಂತಿದ್ದೇನೆ. ಆದರೆ ಜೊತೆಗೆ ಬರುವುದು ಮಗ. ಅವನಿಗೆ ನನ್ನ ವಿಷಯ ಗೊತ್ತಿಲ್ಲ. ಆಪರೇಷನ್ ಬೇಕಾದರೆ ನಮ್ಮಂಥವರಿಗೆ ಮಾಡುತ್ತಾರಾ?

ಉತ್ತರ: ನಿಮ್ಮ ಪತ್ರದ ನಡುವೆ ಸಣ್ಣದಾಗಿ ಬರೆದ ಮಾತಿನಿಂದಲೇ ಶುರು ಮಾಡುತ್ತೇನೆ. ಆ ಗಾಯ. ಕಾಲು ಹಿಡಿಯುವುದಕ್ಕೆ ತಿಂಗಳುಗಟ್ಟಲೆ ಸಮಯ ಕೊಟ್ಟು ನೋಡಬಹುದು. ಮೂರು ವಾರ ಒಣಗದ ಗಾಯಕ್ಕೆ ಹಾಗೆ ಕಾಯುವಂತಿಲ್ಲ. ಈ ವಾರವೇ ತೋರಿಸಿ. ಸಂತೆ ಮುಗೀಲಿ, ಸೀಸನ್ ಮುಗೀಲಿ ಅಂತ ಮುಂದೂಡಬೇಡಿ.

ಅಲ್ಲಿಯವರೆಗೆ ಗಾಯವನ್ನು ಶುದ್ಧ ನೀರಿನಲ್ಲಿ ಮೆಲ್ಲಗೆ ತೊಳೆದು, ಒರೆಸಿ, ಒಣ ಗಾಜ್ ಬಟ್ಟೆ ಸಡಿಲವಾಗಿ ಸುತ್ತಿ. ಬಿಗಿ ಪಟ್ಟಿ ಬೇಡ. ಬಿಸಿನೀರಿನ ಶಾಖ ಬೇಡವೇ ಬೇಡ. ರಕ್ತ ಕಡಿಮೆ ಬರುವ ಕಾಲಿಗೆ ಶಾಖ ಕೊಟ್ಟು ಚರ್ಮ ಸುಟ್ಟುಕೊಂಡು ಬಂದವರನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ಹರಳೆಣ್ಣೆ ಹಚ್ಚಿ ತಿಕ್ಕುವುದು, ಬ್ಲೇಡಿನಿಂದ ಆಣಿ ಕೆತ್ತುವುದು ಇವೂ ಬೇಡ. ಮೆಣಸಿನಕಾಯಿ ಚೀಲಗಳ ನಡುವೆ ಚಪ್ಪಲಿ ಬಿಟ್ಟು ಓಡಾಡುವ ರೂಢಿ ನಿಮ್ಮ ಕೆಲಸದಲ್ಲಿದೆ, ಗೊತ್ತು. ಸದ್ಯಕ್ಕೆ ಮುಂಭಾಗ ಮುಚ್ಚಿದ, ಬೆರಳು ಒತ್ತದ ಚಪ್ಪಲಿ ಹಾಕಿಕೊಳ್ಳಿ.

ಈಗ ನಿಮ್ಮ ಮುಖ್ಯ ಭಯ. ರೋಗ ಕಾಲಿಗೆ ಇಳಿದಿದೆಯಾ? ಇಲ್ಲ. ವೈರಸ್ ಕೆಳಗಿಳಿದು ಕಾಲಿನಲ್ಲಿ ಕೂರುವುದಿಲ್ಲ. ನೀವು ಬರೆದ ಲಕ್ಷಣ ನಮಗೆ ತುಂಬ ಪರಿಚಿತ. ಇಂತಿಷ್ಟೇ ದೂರಕ್ಕೆ ಮೀನಖಂಡ ಹಿಡಿಯುವುದು, ಕೂರದೆ ಸುಮ್ನೆ ನಿಂತರೂ ಬಿಡುವುದು, ಮತ್ತೆ ಅಷ್ಟೇ ದೂರಕ್ಕೆ ಹಿಡಿಯುವುದು. ಕಾಲಿಗೆ ರಕ್ತ ಒಯ್ಯುವ ಧಮನಿ ಒಳಗಿನಿಂದ ಕಿರಿದಾದಾಗ ಹೀಗಾಗುತ್ತದೆ. ಪೆರಿಫೆರಲ್ ಆರ್ಟರಿ ಡಿಸೀಸ್ ಅನ್ನುತ್ತೇವೆ, ಚುಟುಕಾಗಿ ಪಿಎಡಿ. ಕೂತಾಗ ಸ್ನಾಯುವಿಗೆ ಬೇಕಾದಷ್ಟು ರಕ್ತ ಹೇಗೋ ತಲುಪುತ್ತದೆ. ನಡೆಯುವಾಗ ಬೇಡಿಕೆ ಹಲವು ಪಟ್ಟು ಏರುತ್ತದೆ, ಕಿರಿದಾದ ನಾಳ ಅಷ್ಟು ಕೊಡಲಾರದು. ಆಗ ಸ್ನಾಯು ನೋಯುತ್ತದೆ.

ಕಾಲುನೋವೆಲ್ಲ ಇದೇ ಅಲ್ಲ. ಎಚ್‌ಐವಿ ಇದ್ದವರಲ್ಲಿ ನರದ ತೊಂದರೆಯೂ ಜಾಸ್ತಿ. 2010ರ ಆಸುಪಾಸಿನಲ್ಲಿ ಮಾತ್ರೆ ಶುರು ಮಾಡಿದ ಅನೇಕರಿಗೆ ಸ್ಟಾವುಡಿನ್ ಅನ್ನುವ ಔಷಧಿ ಕೊಡುತ್ತಿದ್ದರು. ಅದು ಪಾದದ ನರಗಳನ್ನು ಕೆಡಿಸುತ್ತಿತ್ತು, ಈಗ ಅದನ್ನು ಕೊಡುವುದಿಲ್ಲ. ನರದ ನೋವು ಬೇರೆ ತರಹ. ಎರಡೂ ಪಾದ ಉರಿಯುತ್ತವೆ, ಜೋಮು ಹಿಡಿಯುತ್ತವೆ, ನಡೆದರೂ ಮಲಗಿದರೂ ಹಾಗೇ ಇರುತ್ತವೆ. ಬೆನ್ನುಮೂಳೆಯ ಒತ್ತಡದಿಂದ ಬರುವ ನೋವೂ ನಡೆಯುವಾಗಲೇ ಬರುತ್ತದೆ. ಆದರೆ ಅದು ನಿಂತರೆ ಹೋಗುವುದಿಲ್ಲ, ಕೂತು ಮುಂದೆ ಬಾಗಿದರೆ ಹೋಗುತ್ತದೆ. ಉಬ್ಬಿದ ಅಭಿಧಮನಿ, ಅಂದರೆ ವೆರಿಕೋಸ್ ವೇನ್, ಇದ್ದವರಿಗೆ ನಿಂತಷ್ಟೂ ಕಾಲು ಭಾರ. ನಿಮ್ಮದು ಇದ್ಯಾವುದರ ಹಾಗೂ ಕಾಣುತ್ತಿಲ್ಲ. ಆದರೆ ನರದ ತೊಂದರೆಯೂ ಜೊತೆಗಿದ್ದರೆ ಗಾಯ ನೋಯುವುದೇ ಇಲ್ಲ. ನೋವಿಲ್ಲ ಅಂತ ಗಾಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ ಅನ್ನುವುದು ಅದಕ್ಕೇ.

ಹಾಗಾದರೆ ಎಚ್‌ಐವಿಗೂ ಇದಕ್ಕೂ ಸಂಬಂಧವೇ ಇಲ್ಲವಾ? ಇದೆ. ಧಮನಿಯ ಒಳಪದರ ತುಂಬ ನಾಜೂಕು. ವೈರಸ್ ಹತೋಟಿಯಲ್ಲಿ ಇಲ್ಲದಾಗ ದೇಹದಲ್ಲಿ ಸದಾ ಒಂದು ಬಗೆಯ ಉರಿಯೂತ ನಡೆಯುತ್ತಿರುತ್ತದೆ. ಅದು ಆ ಪದರವನ್ನು ಕೆಡಿಸಿ ಕೊಬ್ಬು ಕೂರಲು ಜಾಗ ಮಾಡಿಕೊಡುತ್ತದೆ. ಮಾತ್ರೆಯಿಂದ ವೈರಸ್ ಅಡಗಿದ ಮೇಲೂ ಈ ಉರಿಯೂತ ಪೂರ್ತಿ ಆರುವುದಿಲ್ಲ, ಬಹಳ ಕಡಿಮೆಯಾಗುತ್ತದೆ. ಅಮೆರಿಕದ 91 ಸಾವಿರಕ್ಕೂ ಹೆಚ್ಚು ಮಾಜಿ ಸೈನಿಕರನ್ನು ಗಮನಿಸಿದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಬೀಡಿ-ಸಿಗರೇಟು, ಸಕ್ಕರೆ, ಬಿಪಿ ಇವನ್ನೆಲ್ಲ ಲೆಕ್ಕಕ್ಕೆ ಹಿಡಿದ ಮೇಲೂ ಎಚ್‌ಐವಿ ಇದ್ದವರಲ್ಲಿ ಪಿಎಡಿ ಅಪಾಯ ಶೇಕಡಾ 19ರಷ್ಟು ಹೆಚ್ಚು ಕಂಡಿತು. ಸಿಡಿ4 200ಕ್ಕಿಂತ ಕೆಳಗಿದ್ದವರಲ್ಲಿ ಅಪಾಯ ಇನ್ನೂ ಜಾಸ್ತಿ. ಸಿಡಿ4 500ರ ಮೇಲೆ ನಿಂತವರಲ್ಲಿ ಮಾತ್ರ ಹೆಚ್ಚಿನ ಅಪಾಯ ಕಾಣಲಿಲ್ಲ. ನೀವು 140ರಿಂದ 520ಕ್ಕೆ ಬಂದಿದ್ದೀರಿ. ಅದು ಮಾತ್ರೆ ಮಾಡಿದ ಕೆಲಸ.

ಹಾಗಾಗಿ "ಸ್ವಲ್ಪ ದಿನ ಮಾತ್ರೆ ನಿಲ್ಲಿಸು" ಅಂದವರ ಮಾತು ಕೇಳಬೇಡಿ. ಅವರ ಮನಸ್ಸು ಒಳ್ಳೆಯದೇ ಇರಬಹುದು, ಸಲಹೆ ಮಾತ್ರ ಅಪಾಯದ್ದು. ಇದನ್ನು ಊಹೆಯಿಂದ ಹೇಳುತ್ತಿಲ್ಲ. ಸಿಡಿ4 ಚೆನ್ನಾಗಿದ್ದಾಗ ಮಾತ್ರೆಗೆ ಬಿಡುವು ಕೊಟ್ಟರೆ ದೇಹಕ್ಕೆ ಆರಾಮ ಸಿಗಬಹುದೇ ಅಂತ 5,000ಕ್ಕೂ ಹೆಚ್ಚು ಜನರ ಮೇಲೆ, 33 ದೇಶಗಳಲ್ಲಿ ಸ್ಮಾರ್ಟ್ ಅನ್ನುವ ಪ್ರಯೋಗ ನಡೆದಿತ್ತು. ಫಲಿತಾಂಶ ಬಂದದ್ದು 2006ರಲ್ಲಿ. ಬಿಡುವು ಕೊಟ್ಟವರಲ್ಲೇ ಸಾವು ಹೆಚ್ಚು. ಹೃದಯ, ಕಿಡ್ನಿ, ಲಿವರ್ ತೊಂದರೆಯೂ ಅವರಲ್ಲೇ ಹೆಚ್ಚು. ಹಳೆಯ ಕೆಲವು ಔಷಧಿಗಳು ಕೊಲೆಸ್ಟ್ರಾಲ್ ಏರಿಸುತ್ತಿದ್ದವು, ಅಬಾಕವಿರ್ ಅನ್ನುವುದಕ್ಕೆ ಹೃದಯಾಘಾತದ ನಂಟಿದೆ, ನಿಜ. ಅಂಥ ಔಷಧಿ ಇದ್ದರೆ ಎಆರ್‌ಟಿ ಡಾಕ್ಟರು ಬದಲಿಸುತ್ತಾರೆ. ಬದಲಿಸುವುದು ಬೇರೆ, ನಿಲ್ಲಿಸುವುದು ಬೇರೆ.

ನಿಮ್ಮ ಕಾಲಿನ ವಿಷಯದಲ್ಲಿ ನನ್ನ ಬೆರಳು ಮೊದಲು ಬೀಡಿಯ ಕಡೆಗೇ ಹೋಗುತ್ತದೆ. ಪಿಎಡಿಗೆ ತಂಬಾಕಿಗಿಂತ ದೊಡ್ಡ ಕಾರಣ ಇನ್ನೊಂದಿಲ್ಲ. ನಮ್ಮ ಕಡೆ ಮೂವತ್ತು-ನಲವತ್ತರ ಗಂಡಸರು ಕಾಲ್ಬೆರಳು ಕಪ್ಪಾಗಿ ಬರುತ್ತಾರೆ. ಸಕ್ಕರೆ ಕಾಯಿಲೆ ಇರುವುದಿಲ್ಲ, ಬಿಪಿ ಇರುವುದಿಲ್ಲ, ಜೇಬಿನಲ್ಲಿ ಬೀಡಿ ಕಟ್ಟು ಮಾತ್ರ ಇರುತ್ತದೆ. ಬರ್ಗರ್ ಕಾಯಿಲೆ ಅಂತ ಅದಕ್ಕೇ ಒಂದು ಹೆಸರಿದೆ. ಅದರಲ್ಲಿ ದಿನಕ್ಕೆ ಒಂದೆರಡು ಬೀಡಿ ಉಳಿಸಿಕೊಂಡರೂ ಕಾಯಿಲೆ ಮುಂದುವರಿಯುತ್ತದೆ. ಕಡಿಮೆ ಮಾಡಿದ್ದೇನೆ ಡಾಕ್ಟ್ರೇ ಅನ್ನುವವರಿಗೆ ನಾನು ಹೇಳುವುದು ಇಷ್ಟೇ: ಕಾಲು ಉಳಿಯಬೇಕಾದರೆ ಪೂರ್ತಿ ಬಿಡಬೇಕು. ಬೀಡಿ ಬಿಟ್ಟು ಜರ್ದಾ, ಗುಟ್ಕಾ ಹಿಡಿದರೂ ಬಿಟ್ಟಂತಾಗುವುದಿಲ್ಲ. ಇದು ಬಾಯಲ್ಲಿ ಹೇಳಿದಷ್ಟು ಸುಲಭ ಅಲ್ಲ. ಮುಂಜಾನೆಯಿಂದ ಚೀಲ ಹೊರುವವನಿಗೆ ಬೀಡಿ ಅಂದರೆ ನಾಲ್ಕು ನಿಮಿಷದ ವಿರಾಮ. ಆ ವಿರಾಮ ನಿಮಗೆ ಬೇಕು, ಅದನ್ನು ಬಿಡಬೇಡಿ. ಕೂತುಕೊಳ್ಳಿ, ಚಹಾ ಕುಡಿಯಿರಿ. ನಿಕೋಟಿನ್ ಗಮ್ ಸಿಗುತ್ತದೆ, ಡಾಕ್ಟರನ್ನು ಕೇಳಿ ತೆಗೆದುಕೊಳ್ಳಿ. ತಂಬಾಕು ಬಿಡಲು ಸರ್ಕಾರದ ಉಚಿತ ಸಹಾಯವಾಣಿ 1800-11-2356 ಇದೆ. ಮೊದಲ ಎರಡು ವಾರ ಕಷ್ಟ, ಆ ಹೊತ್ತಿನಲ್ಲಿ ಮಾತಾಡಲು ಒಬ್ಬರು ಬೇಕಾಗುತ್ತದೆ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ ಅಂತ ಹೇಳಿಬಿಡುತ್ತೇನೆ, ಹೆದರಿಕೆ ಅರ್ಧ ಕಡಿಮೆಯಾಗುತ್ತದೆ. ಮೊದಲು ಪಾದದ ನಾಡಿ ಮುಟ್ಟಿ ನೋಡುತ್ತಾರೆ. ಪಾದದ ಮೇಲ್ಭಾಗದಲ್ಲಿ ಒಂದು, ಕಾಲ ಗಿಣ್ಣಿನ ಒಳಬದಿಯ ಎಲುಬಿನ ಹಿಂದೆ ಒಂದು. ಮನೆಯಲ್ಲಿ ನೀವೂ ಮುಟ್ಟಿ ನೋಡಬಹುದು. ಪಾದದ ಮೇಲಿನ ನಾಡಿ ಕೆಲವು ಆರೋಗ್ಯವಂತರಿಗೂ ಸಿಗುವುದಿಲ್ಲ, ಅದೊಂದಕ್ಕೇ ಗಾಬರಿಯಾಗಬೇಡಿ.

ಆಮೇಲೆ ಎಬಿಐ ಪರೀಕ್ಷೆ, ಅಂದರೆ ತೋಳಿನ ಬಿಪಿಗೆ ಕಾಲ ಗಿಣ್ಣಿನ ಬಿಪಿಯನ್ನು ಹೋಲಿಸುವುದು. ಮಲಗಿಸಿ, ತೋಳಿಗೂ ಗಿಣ್ಣಿನ ಮೇಲೂ ಬಿಪಿ ಪಟ್ಟಿ ಕಟ್ಟುತ್ತಾರೆ. ಸ್ವಲ್ಪ ಜೆಲ್ ಹಚ್ಚಿ ಪೆನ್ನಿನಂಥ ಡಾಪ್ಲರ್ ಕಡ್ಡಿ ಇಡುತ್ತಾರೆ. ರಕ್ತ ಹರಿಯುವ ಸದ್ದು ಶೂಷ್ ಶೂಷ್ ಅಂತ ನಿಮಗೂ ಕೇಳುತ್ತದೆ. ಪಟ್ಟಿ ಉಬ್ಬಿಸಿದಾಗ ಸದ್ದು ನಿಲ್ಲುತ್ತದೆ, ಇಳಿಸುವಾಗ ಮರಳುತ್ತದೆ. ಮರಳಿದ ಹೊತ್ತಿನ ಅಂಕಿಯನ್ನು ಬರೆದುಕೊಳ್ಳುತ್ತಾರೆ. ತೋಳಿನಲ್ಲಿ 140, ಗಿಣ್ಣಿನಲ್ಲಿ 98 ಬಂತು ಅಂದುಕೊಳ್ಳಿ. 98ನ್ನು 140ರಿಂದ ಭಾಗಿಸಿದರೆ 0.70. ಒಂದರ ಮೇಲಿದ್ದರೆ ಸರಿ. 0.90 ಅಥವಾ ಅದಕ್ಕಿಂತ ಕೆಳಗೆ ಬಂದರೆ ಪಿಎಡಿ ಇದೆ ಅಂತ ಅರ್ಥ. ಮಲಗಿದಾಗ ಅಂಕಿ ಸರಿಯಿದ್ದು ನಡೆದಾಗ ನೋಯುವವರಿಗೆ ನಡೆಸಿ ಮತ್ತೆ ಅಳೆಯುತ್ತಾರೆ. 1.40 ದಾಟಿದರೆ ಅದೂ ಒಳ್ಳೆಯದಲ್ಲ. ಸಕ್ಕರೆ ಅಥವಾ ಕಿಡ್ನಿ ಕಾಯಿಲೆಯಿಂದ ನಾಳ ಸುಣ್ಣಗಟ್ಟಿ ಪಟ್ಟಿಗೆ ಬಗ್ಗುತ್ತಿಲ್ಲ ಎಂದು ಅದರರ್ಥ. ಆಗ ಕಾಲ ಹೆಬ್ಬೆರಳಿನ ರಕ್ತದೊತ್ತಡ ಅಳೆಯುತ್ತಾರೆ. ಸೂಜಿ ಇಲ್ಲ, ನೋವಿಲ್ಲ. ಇಷ್ಟು ಸರಳ ಪರೀಕ್ಷೆಯನ್ನು ವರ್ಷಗಟ್ಟಲೆ ಯಾರೂ ಮಾಡದೆ ವಾತ ಅಂತ ನೋವಿನ ಮಾತ್ರೆ ಕೊಟ್ಟು ಕಳಿಸುತ್ತಾರಲ್ಲ, ಅದು ನನಗೆ ನಿಜಕ್ಕೂ ಬೇಸರದ ಸಂಗತಿ.

ಜೊತೆಗೆ ಸಕ್ಕರೆ, ಕೊಲೆಸ್ಟ್ರಾಲ್, ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ನೋಡುತ್ತಾರೆ. ಎಲ್ಲಿ ಕಿರಿದಾಗಿದೆ ಅಂತ ತಿಳಿಯಲು ಡಾಪ್ಲರ್ ಸ್ಕ್ಯಾನ್. ಆಪರೇಷನ್ ಯೋಚನೆ ಬಂದರೆ ಮಾತ್ರ ಬಣ್ಣದ ಔಷಧಿ ಕೊಟ್ಟು ರಕ್ತನಾಳದ ಚಿತ್ರ ತೆಗೆಯುವ ಸಿಟಿ ಆಂಜಿಯೋಗ್ರಾಂ.

ಚಿಕಿತ್ಸೆಗೆ ಬರುವ ಮೊದಲು ಒಂದು ಮಾತು. ನಡೆದಾಗ ಮಾತ್ರ ನೋಯುವ ಹೆಚ್ಚಿನವರು ಕಾಲು ಕಳೆದುಕೊಳ್ಳುವುದಿಲ್ಲ. ಅವರಿಗೆ ದೊಡ್ಡ ಅಪಾಯ ಹೃದಯಾಘಾತ ಮತ್ತು ಲಕ್ವದ್ದು. ಕಾಲಿನ ಧಮನಿ ಕಿರಿದಾಗಿದ್ದರೆ ಹೃದಯದ, ಮೆದುಳಿನ ಧಮನಿಗಳೂ ಹಾಗೇ ಇರುವ ಸಾಧ್ಯತೆ ಹೆಚ್ಚು. ನಿಮಗೆ ಗಾಯವೂ ಇರುವುದರಿಂದ ಕಾಲು ಮತ್ತು ಹೃದಯ ಎರಡನ್ನೂ ಒಟ್ಟಿಗೆ ನೋಡಿಕೊಳ್ಳಬೇಕು.

ಔಷಧಿಯಲ್ಲಿ ಮುಖ್ಯವಾದವು ಎರಡು. ಕೊಬ್ಬು ಇಳಿಸಿ ನಾಳದ ಒಳಪದರ ಕಾಯುವ ಸ್ಟ್ಯಾಟಿನ್ ಒಂದು. ರಕ್ತ ಗಂಟು ಕಟ್ಟದ ಹಾಗೆ ನೋಡುವ ಆಸ್ಪಿರಿನ್ ಅಥವಾ ಕ್ಲೋಪಿಡೋಗ್ರೆಲ್ ಇನ್ನೊಂದು. ಎಚ್‌ಐವಿ ಇದ್ದವರಿಗೆ ಸ್ಟ್ಯಾಟಿನ್ ಎಷ್ಟು ಉಪಯೋಗ ಅಂತ ನೋಡಲು ಭಾರತವೂ ಸೇರಿ 12 ದೇಶಗಳಲ್ಲಿ 7,769 ಜನರ ಮೇಲೆ ರಿಪ್ರೀವ್ ಅನ್ನುವ ಪ್ರಯೋಗ ನಡೆಯಿತು. 2023ರ ಫಲಿತಾಂಶದ ಪ್ರಕಾರ ಪಿಟವಾಸ್ಟ್ಯಾಟಿನ್ ತೆಗೆದುಕೊಂಡವರಲ್ಲಿ ಹೃದಯ ಮತ್ತು ರಕ್ತನಾಳದ ದೊಡ್ಡ ತೊಂದರೆಗಳು ಶೇಕಡಾ 35ರಷ್ಟು ಕಡಿಮೆಯಾದವು. ಅವರೆಲ್ಲ ಅಪಾಯ ಅಷ್ಟೇನೂ ಹೆಚ್ಚಿಲ್ಲದವರು. ಪಿಎಡಿ ಇದ್ದವರಿಗೆ ಸ್ಟ್ಯಾಟಿನ್ ಕೊಡುವ ವಿಷಯದಲ್ಲಂತೂ ಅನುಮಾನವೇ ಇಲ್ಲ. ನಡೆಯುವ ದೂರ ಹೆಚ್ಚಿಸಲು ಸಿಲೊಸ್ಟಜಾಲ್ ಅನ್ನುವ ಮಾತ್ರೆ ಇದೆ. ಹಾರ್ಟ್ ಫೇಲ್ಯೂರ್ ಇದ್ದವರಿಗೆ ಅದನ್ನು ಕೊಡಬಾರದು.

ನಾನು ಒತ್ತಿ ಹೇಳಬೇಕಾದ ವಿಷಯ ಇಲ್ಲಿದೆ. ನಮ್ಮ ಹತ್ತಿರ ಬರುವ ಎಚ್‌ಐವಿ ರೋಗಿಗಳಲ್ಲಿ ಎಷ್ಟೋ ಜನ ಎಆರ್‌ಟಿ ಪುಸ್ತಕ ಮನೆಯಲ್ಲೇ ಬಿಟ್ಟು ಬರುತ್ತಾರೆ. ಬೇರೆ ಯಾವ ಮಾತ್ರೆ ಇದೆ ಅಂತ ಕೇಳಿದರೆ ಇಲ್ಲ ಅನ್ನುತ್ತಾರೆ. ಯಾಕೆ ಅಂತ ನನಗೆ ಅರ್ಥವಾಗುತ್ತದೆ. ಆದರೆ ನಾವು ಬರೆಯುವ ಮಾತ್ರೆಗೂ ಆ ಮಾತ್ರೆಗೂ ಜಗಳ ಇದ್ದರೆ ಪೆಟ್ಟು ಬೀಳುವುದು ನಿಮಗೇ.

ನಿಮ್ಮ ರಾತ್ರಿಯ ಒಂದು ಮಾತ್ರೆ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಸೇರಿದ್ದೇ ಇರಬೇಕು. ಈಗ ಹೆಚ್ಚಿನವರಿಗೆ ಕೊಡುವುದು ಅದನ್ನೇ. ಅದಾಗಿದ್ದರೆ ತಕರಾರು ಕಡಿಮೆ. ಮೇಲೆ ಹೇಳಿದ ಔಷಧಿಗಳನ್ನೆಲ್ಲ ಅದರ ಜೊತೆ ಕೊಡಬಹುದು. ಸಕ್ಕರೆಯ ಮೆಟ್‌ಫಾರ್ಮಿನ್ ಮಾತ್ರ ದಿನಕ್ಕೆ 1,000 ಮಿಲಿಗ್ರಾಂ ಮೀರಬಾರದು. ಗ್ಯಾಸ್ಟ್ರಿಕ್‌ಗೆ ಅಂತ ಕುಡಿಯುವ ಆಂಟಾಸಿಡ್ ಇದ್ದರೆ ಎಚ್‌ಐವಿ ಮಾತ್ರೆಯನ್ನು ಅದಕ್ಕಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ತೆಗೆದುಕೊಳ್ಳಿ. ಡೊಲುಟೆಗ್ರಾವಿರ್‌ನಿಂದ ಕ್ರಿಯಾಟಿನಿನ್ ಅಂಕಿ ಕಿಡ್ನಿ ಕೆಡದಿದ್ದರೂ ಸ್ವಲ್ಪ ಏರುತ್ತದೆ. ಟೆನೊಫೊವಿರ್ ಕೆಲವರ ಕಿಡ್ನಿಗೆ ನಿಜವಾಗಿಯೂ ತೊಂದರೆ ಕೊಡುತ್ತದೆ. ಆಂಜಿಯೋಗ್ರಾಂನ ಬಣ್ಣದ ಔಷಧಿ ಕಿಡ್ನಿಗೆ ಭಾರ. ನೀವು ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಅಂತ ಗೊತ್ತಿಲ್ಲದ ಡಾಕ್ಟರು ಆ ಅಂಕಿಯನ್ನು ಹೇಗೆ ಓದಬೇಕು ಹೇಳಿ?

ಮೊದಲ ಔಷಧಿ ಫಲಿಸದೆ ಎರಡನೇ ಸಾಲಿನ ಚಿಕಿತ್ಸೆಯಲ್ಲಿ ಇರುವವರಿಗೆ ಎಚ್ಚರ ಇನ್ನೂ ಹೆಚ್ಚು ಬೇಕು. ಅಂದರೆ ಅಟಜನವಿರ್, ಲೋಪಿನವಿರ್ ಅಥವಾ ದಾರುನವಿರ್ ಜೊತೆ ರಿಟೊನವಿರ್ ತೆಗೆದುಕೊಳ್ಳುವವರು. ಅವರಿಗೆ ಸಿಮ್ವಾಸ್ಟ್ಯಾಟಿನ್ ಕೊಡಲೇಬಾರದು. ಅಟೋರ್ವಾಸ್ಟ್ಯಾಟಿನ್ ಕಡಿಮೆ ಡೋಸಿನಲ್ಲಿ ಮಾತ್ರ. ಕ್ಲೋಪಿಡೋಗ್ರೆಲ್ ಅವರಲ್ಲಿ ಸರಿಯಾಗಿ ಕೆಲಸ ಮಾಡದೇ ಇರಬಹುದು. ಸಿಲೊಸ್ಟಜಾಲ್ ರಕ್ತದಲ್ಲಿ ಏರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಅರೆತಲೆನೋವಿಗೆ ಕೊಡುವ ಎರ್ಗೊಟಮಿನ್. ರಿಟೊನವಿರ್ ತೆಗೆದುಕೊಳ್ಳುವವರು ಒಂದೆರಡು ಎರ್ಗೊಟಮಿನ್ ಮಾತ್ರೆ ನುಂಗಿದರೂ ಕೈಕಾಲಿನ ಧಮನಿಗಳು ಬಿಗಿದು ಕಾಲು ತಣ್ಣಗಾಗಬಹುದು, ಕೊಳೆಯಲೂಬಹುದು. ಮೆಡಿಕಲ್ ಶಾಪಿನಲ್ಲಿ ತಲೆನೋವು ಅಂತ ಕೇಳಿ ಮಾತ್ರೆ ತರುವ ರೂಢಿ ನಮ್ಮಲ್ಲಿದೆಯಲ್ಲ, ಈ ಔಷಧಿಯಲ್ಲಿರುವವರು ಅದನ್ನು ಖಂಡಿತ ಮಾಡಬಾರದು.

ನಡಿಗೆಯೂ ಔಷಧಿಯೇ. ಗಾಯ ವಾಸಿಯಾಗಿ ಡಾಕ್ಟರು ಹೂಂ ಅಂದ ಮೇಲೆ ಶುರು ಮಾಡಿ, ಈಗಲೇ ಬೇಡ. ವಾರಕ್ಕೆ ಕನಿಷ್ಠ ಮೂರು ದಿನ, ಒಮ್ಮೆಗೆ 30ರಿಂದ 45 ನಿಮಿಷ, ಕನಿಷ್ಠ 12 ವಾರ. ಸಾಕಷ್ಟು ನೋವು ಬರುವ ತನಕ ನಡೆಯಿರಿ, ನಿಲ್ಲಿ, ಬಿಟ್ಟ ಮೇಲೆ ಮತ್ತೆ ನಡೆಯಿರಿ. ನೋವಾಗುತ್ತದೆ ಅಂತ ನಡೆಯುವುದನ್ನೇ ಬಿಟ್ಟವರ ಕಾಲು ಬೇಗ ಸೋಲುತ್ತದೆ. ದಿನವಿಡೀ ಚೀಲ ಹೊರುತ್ತೇನಲ್ಲ ಅಂತ ನೀವು ಕೇಳಬಹುದು. ಅದು ಹತ್ತು ಹೆಜ್ಜೆ ಹೊತ್ತು ಇಳಿಸುವ ಕೆಲಸ. ಕಾಲಿನ ಸ್ನಾಯುವಿಗೆ ಈ ಅಭ್ಯಾಸ ಮಾಡಿಸುವುದು ಒಂದೇ ಸಮನೆ ನಡೆಯುವ ನಡಿಗೆ. ಕಷ್ಟಪಟ್ಟು 12 ವಾರ ನಡೆದವರಲ್ಲಿ ನಡೆಯುವ ದೂರ ಚೆನ್ನಾಗಿ ಹೆಚ್ಚುವುದನ್ನು ನೋಡಿದ್ದೇನೆ. ಆಪರೇಷನ್ ಮಾತು ಅಲ್ಲಿಗೇ ನಿಂತದ್ದೂ ಇದೆ.

ಆಪರೇಷನ್ ಯಾವಾಗ? ಗಾಯ ಒಣಗುವಷ್ಟು ರಕ್ತ ಪಾದಕ್ಕೆ ತಲುಪುತ್ತಿಲ್ಲ ಅಂತ ಪರೀಕ್ಷೆ ಹೇಳಿದರೆ ಬೇಗ. ರಾತ್ರಿ ಮಲಗಿದಾಗ ಪಾದ ನೋಯುವುದು, ಮಂಚದಿಂದ ಕಾಲು ಇಳಿಬಿಟ್ಟರೆ ಆರಾಮ ಅನ್ನಿಸುವುದು ಶುರುವಾದರೂ ಬೇಗ. ಬರೀ ನಡೆದಾಗಿನ ನೋವಾದರೆ ಔಷಧಿ, ನಡಿಗೆ ಎರಡನ್ನೂ ಮೂರು ತಿಂಗಳು ಸರಿಯಾಗಿ ಮಾಡಿದ ಮೇಲೂ ದುಡಿಮೆಗೆ ತೊಂದರೆ ಇದ್ದರೆ ಮಾತ್ರ ಯೋಚಿಸಬೇಕು.

ದಾರಿ ಎರಡು. ತೊಡೆಸಂದಿಯಿಂದ ತಂತಿ ಹಾಕಿ ಬಲೂನಿನಿಂದ ನಾಳ ಹಿಗ್ಗಿಸುವುದು, ಬೇಕಾದರೆ ಸ್ಟೆಂಟ್ ಇಡುವುದು. ಬೇಗ ಮನೆಗೆ ಹೋಗಬಹುದು. ಆದರೆ ತೊಡೆಯ ನಾಳ ವರ್ಷ ಎರಡು ವರ್ಷದಲ್ಲಿ ಮತ್ತೆ ಕಿರಿದಾಗುವುದು ಸಾಮಾನ್ಯ, ಬೀಡಿ ಮುಂದುವರಿಸಿದವರಲ್ಲಿ ಇನ್ನೂ ಬೇಗ. ಇನ್ನೊಂದು ಬೈಪಾಸ್. ನಿಮ್ಮದೇ ಕಾಲಿನ ಅಭಿಧಮನಿ ತೆಗೆದು ಮುಚ್ಚಿದ ಜಾಗ ದಾಟಿಸಿ ಜೋಡಿಸುತ್ತೇವೆ. ಹೆಚ್ಚು ಕಾಲ ಬಾಳುತ್ತದೆ. ಆದರೆ ದೊಡ್ಡ ಆಪರೇಷನ್, ಗಾಯಕ್ಕೆ ಸೋಂಕಿನ ಭಯ, ಹೃದಯಕ್ಕೆ ಒತ್ತಡ. ಮೊಣಕಾಲ ಕೆಳಗಿನ ಸಣ್ಣ ನಾಳಗಳಿಗೆ, ಬರೀ ನಡೆದಾಗಿನ ನೋವಿಗೆ ಬಲೂನ್ ಹಾಕಿಸಿ ಅಂತ ಯಾರಾದರೂ ಹೇಳಿದರೆ ಇನ್ನೊಬ್ಬ ತಜ್ಞರನ್ನು ಕೇಳಿ. ಅದರಿಂದ ಲಾಭಕ್ಕಿಂತ ಅಪಾಯ ಹೆಚ್ಚು.

ಇವೆಲ್ಲಕ್ಕೂ ಮೊದಲು ಒಂದು ತುರ್ತು ಸಂಗತಿ. ಕಾಲು ಇದ್ದಕ್ಕಿದ್ದಂತೆ ಬಿಳಿಚಿ, ತಣ್ಣಗಾಗಿ, ವಿಪರೀತ ನೋವು ಬಂದು, ಬೆರಳು ಆಡಿಸಲು ಆಗದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಸುಮಾರು ಆರು ಗಂಟೆಯೊಳಗೆ ರಕ್ತ ಮರಳಿದರೆ ಕಾಲು ಉಳಿಯುವ ಅವಕಾಶ ಹೆಚ್ಚು. ಹಾವೇರಿಯಿಂದ ಹುಬ್ಬಳ್ಳಿಗೆ ಹೆದ್ದಾರಿ ಇದೆ, 108ಕ್ಕೆ ಫೋನ್ ಮಾಡಿ ಹೊರಡಿ.

ನಮ್ಮಂಥವರಿಗೆ ಆಪರೇಷನ್ ಮಾಡುತ್ತಾರಾ ಅಂತ ಕೇಳಿದ್ದೀರಿ. ಮಾಡುತ್ತೇವೆ. ವೈರಲ್ ಲೋಡ್ ಕಾಣಿಸದ, ಸಿಡಿ4 520 ಇರುವ ನಿಮ್ಮ ಗಾಯ ಬೇರೆಯವರ ಗಾಯದಂತೆಯೇ ಮಾಯುತ್ತದೆ. ನಾವು ಎಲ್ಲ ರೋಗಿಗಳಿಗೂ ಒಂದೇ ಮುನ್ನೆಚ್ಚರಿಕೆ ತೆಗೆದುಕೊಳ್ಳುತ್ತೇವೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಎಚ್‌ಐವಿ ಇದೆ ಅನ್ನುವ ಕಾರಣಕ್ಕೆ ಸರ್ಕಾರಿ ಆಸ್ಪತ್ರೆಯಾಗಲಿ, ಖಾಸಗಿಯಾಗಲಿ ಚಿಕಿತ್ಸೆ ನಿರಾಕರಿಸುವಂತಿಲ್ಲ. ಹಾಗೂ ಯಾರಾದರೂ ಬೇರೆ ಕಡೆ ಹೋಗಿ ಅಂದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ನಿಮ್ಮ ಎಆರ್‌ಟಿ ಸೆಂಟರಿನ ಕೌನ್ಸೆಲರಿಗೂ ಹೇಳಿ. ಖರ್ಚಿನ ಚಿಂತೆ ಇದ್ದರೆ ಹಾವೇರಿಯ ಜಿಲ್ಲಾಸ್ಪತ್ರೆಯಲ್ಲೋ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಕೆಎಂಸಿಆರ್‌ಐನಲ್ಲೋ (ಹಿಂದಿನ ಕಿಮ್ಸ್) ಮೊದಲು ತೋರಿಸಿ. ಬಿಪಿಎಲ್ ಕಾರ್ಡ್ ಜೊತೆಗಿರಲಿ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಕೌಂಟರಿನಲ್ಲಿ ವಿಚಾರಿಸಿ.

ಕೊನೆಗೆ ಮಗನ ವಿಷಯ. ನಿಮ್ಮ ಒಪ್ಪಿಗೆ ಇಲ್ಲದೆ ಡಾಕ್ಟರು ಅವನಿಗೆ ಹೇಳುವಂತಿಲ್ಲ, ಇದೂ ಅದೇ ಕಾಯ್ದೆಯಲ್ಲಿದೆ. ಚೀಟಿ ಮಾಡಿಸಿ ಒಳಗೆ ಬಂದ ಕೂಡಲೇ "ಮೊದಲು ಎರಡು ನಿಮಿಷ ನಾನೊಬ್ಬನೇ ಮಾತಾಡಬೇಕು" ಅನ್ನಿ. ನಾವು ಮಗನನ್ನು ಹೊರಗೆ ಕೂರಿಸುತ್ತೇವೆ, ಇದು ನಮಗೆ ದಿನದ ಕೆಲಸ. ಎಆರ್‌ಟಿ ಪುಸ್ತಕ ಆಗ ತೋರಿಸಿ. ಪುಸ್ತಕ ತರಲು ಮನಸ್ಸಿಲ್ಲದಿದ್ದರೆ ಮಾತ್ರೆ ಡಬ್ಬಿಯ ಲೇಬಲ್ಲಿನ ಫೋಟೊ ಮೊಬೈಲಿನಲ್ಲಿ ಇರಲಿ. ಚೀಟಿಯ ಮೇಲೆ ದೊಡ್ಡದಾಗಿ ಬರೆಯಬೇಡಿ ಅಂತ ಕೇಳುವ ಹಕ್ಕೂ ನಿಮಗಿದೆ. ಆಮೇಲೆ ಮಗನನ್ನು ಒಳಗೆ ಕರೆದು ಕಾಲಿನ ರಕ್ತನಾಳ ಕಿರಿದಾಗಿದೆ, ಬೀಡಿ ಬಿಡಿಸಬೇಕು, ಗಾಯಕ್ಕೆ ದಿನಾ ಡ್ರೆಸ್ಸಿಂಗ್ ಆಗಬೇಕು ಅಂತ ಹೇಳೋಣ. ಅದರಲ್ಲಿ ಒಂದೂ ಸುಳ್ಳಲ್ಲ. ಡ್ರೆಸ್ಸಿಂಗ್ ಮಾಡುವಾಗ ಗ್ಲೌಸ್ ಹಾಕಿಕೊಳ್ಳುವುದನ್ನೂ ನಾವೇ ಅವನಿಗೆ ಕಲಿಸಿಕೊಡುತ್ತೇವೆ, ಯಾರ ಗಾಯವಾದರೂ ಹಾಗೇ ಮಾಡಬೇಕು.